ಗ್ರೀಸ್‌ವೀಝಲ್ ವಿ4: ಹಳೆಯ ಫ್ಲಾಪಿಗಳನ್ನು ಬೈಟ್ ಲೆಕ್ಕ ತಪ್ಪದೆ ಉಳಿಸಿಕೊಳ್ಳಲು

ಹಳೆಯ ಫ್ಲಾಪಿಯಲ್ಲಿರುವುದನ್ನು ತೆಗೆಯಬೇಕೆಂದವರು ಮೊದಲು ಕೊಳ್ಳುವುದು ಯುಎಸ್‌ಬಿ ಫ್ಲಾಪಿ ಡ್ರೈವ್. ಅದು ಸಾಮಾನ್ಯವಾಗಿ 1.44 ಎಂಬಿ, 720 ಕೆಬಿ ಡಿಸ್ಕ್‌ಗಳನ್ನಷ್ಟೇ ಓದುತ್ತದೆ. ಐದೂಕಾಲು ಇಂಚಿನ 360 ಕೆಬಿ, 1.2 ಎಂಬಿ, ಅಮಿಗಾ ಕಂಪ್ಯೂಟರಿನ 880 ಕೆಬಿ, ಮ್ಯಾಕಿಂಟೋಷ್‌ನ 800 ಕೆಬಿ ಡಿಸ್ಕ್‌ಗಳಿಗೆ ಅದರಿಂದ ಉಪಯೋಗವಿಲ್ಲ. ಹಳೆಯ ಫ್ಲಾಪಿ ಡ್ರೈವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ, ಕೀರ್ ಫ್ರೇಸರ್ ರೂಪಿಸಿದ ಗ್ರೀಸ್‌ವೀಝಲ್ ಬೋರ್ಡ್ ಬೇಕಾಗುವುದು ಇಲ್ಲಿ. ಇದು ಸೆಕ್ಟರ್‌ಗಳನ್ನು (ಡಿಸ್ಕಿನ ದತ್ತಾಂಶದ ಪುಟ್ಟ ತುಂಡುಗಳನ್ನು) ಓದುವುದಿಲ್ಲ. ಡ್ರೈವಿನ ಓದುವ ಹೆಡ್ಡಿನ ಕೆಳಗೆ ಕಾಂತೀಯ ದಿಕ್ಕು ಬದಲಾದ ಸಮಯವನ್ನು ಒಂದೊಂದಾಗಿ ದಾಖಲಿಸುತ್ತದೆ. ಈ ಫ್ಲಕ್ಸ್ ದಾಖಲೆಯಿಂದ ಸೆಕ್ಟರ್‌ಗಳನ್ನು ಬಿಡಿಸುವುದು ಕಂಪ್ಯೂಟರಿನಲ್ಲಿರುವ ತಂತ್ರಾಂಶ. ಒಮ್ಮೆ ಫ್ಲಕ್ಸ್ ಕೈಗೆ ಬಂದರೆ ಡಿಸ್ಕ್ ಮುಟ್ಟದೆಯೇ ಎಷ್ಟು ಸಲ ಬೇಕಾದರೂ ಪರಿವರ್ತಿಸಬಹುದು. ಇದರ ನಿಜವಾದ ಬೆಲೆ ಇರುವುದು ಅಲ್ಲಿಯೇ.

ಜೋಡಣೆ ಸುಲಭ. 34 ಪಿನ್ನಿನ ಹಳೆಯ ಫ್ಲಾಪಿ ಕೇಬಲ್ ಸಾಕು. ಮೂರೂವರೆ ಇಂಚಿನ ಡ್ರೈವ್‌ಗೆ ಬೇಕಾದ 5 ವೋಲ್ಟ್ ಬೋರ್ಡಿನಿಂದಲೇ ಸಿಗುತ್ತದೆ. ಐದೂಕಾಲು ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು, ಹಾಗಾಗಿ ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ವಿದ್ಯುತ್ ಪೂರೈಕೆ ಪೆಟ್ಟಿಗೆ) ಒಂದನ್ನು ಹೊಂದಿಸಿಕೊಳ್ಳಿ. ಡ್ರೈವ್ ಮಿಸುಕದಿದ್ದರೆ ಕೇಬಲ್ ನೋಡಿ: ತಿರುಚಿದ ಭಾಗ ದಾಟಿದ ಕನೆಕ್ಟರ್ ಎ ಡ್ರೈವ್, ಅದಕ್ಕೆ ಮೊದಲಿನದು ಬಿ. ಕಮಾಂಡಿನಲ್ಲಿ ಡ್ರೈವ್ ಹೆಸರು ಹೇಳದಿದ್ದರೆ ತಂತ್ರಾಂಶ ಎ ಅನ್ನೇ ಹುಡುಕುತ್ತದೆ.

ಇನ್ನು ಸಾಮರ್ಥ್ಯದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿ. ಡಿಸ್ಕಿನ ಮೇಲೆ ಅಚ್ಚಾದ ಅಂಕಿಯನ್ನು ನಂಬಬೇಡಿ. ಸಿಲಿಂಡರ್ (ಎರಡೂ ಬದಿಯಲ್ಲಿ ಒಂದೇ ಸ್ಥಾನದಲ್ಲಿರುವ ಟ್ರ್ಯಾಕ್‌ಗಳು, ಅಂದರೆ ವೃತ್ತಾಕಾರದ ಪಟ್ಟಿಗಳು), ಬದಿ, ಟ್ರ್ಯಾಕಿನ ಸೆಕ್ಟರ್, ಸೆಕ್ಟರಿನ ಬೈಟ್ ನಾಲ್ಕನ್ನೂ ಗುಣಿಸಿ. 80 × 2 × 18 × 512 ಅಂದರೆ 14,74,560 ಬೈಟ್. ಇದನ್ನೇ 1.44 ಎಂಬಿ ಎನ್ನುವುದು. ಆದರೆ ಇಲ್ಲಿನ 'ಎಂಬಿ' 1000 × 1024 ಎಂಬ ಬೆರಕೆ ಅಳತೆ. ಸಾವಿರದ ಲೆಕ್ಕದಲ್ಲಿ ಅದು 1.47, 1024ರ ಲೆಕ್ಕದಲ್ಲಿ ಸುಮಾರು 1.41. ಅದೇ ಡಿಸ್ಕಿನ ಪೆಟ್ಟಿಗೆಯ ಮೇಲೆ '2.0 ಎಂಬಿ' ಎಂದಿದ್ದರೆ ಅದೂ ಸುಳ್ಳಲ್ಲ. ಸೆಕೆಂಡಿಗೆ 5 ಲಕ್ಷ ಬಿಟ್, ನಿಮಿಷಕ್ಕೆ 300 ಸುತ್ತು. ಅಂದರೆ ಒಂದು ಟ್ರ್ಯಾಕಿಗೆ 12,500 ಬೈಟ್, 160 ಟ್ರ್ಯಾಕಿಗೆ 20 ಲಕ್ಷ. ಫಾರ್ಮ್ಯಾಟ್ ಮಾಡಿದಾಗ ಟ್ರ್ಯಾಕಿನಲ್ಲಿ ದತ್ತಾಂಶಕ್ಕೆ ಉಳಿಯುವುದು 9,216. ಮಿಕ್ಕಿದ್ದು ಸೆಕ್ಟರಿನ ವಿಳಾಸ, ಸಿಆರ್‌ಸಿ ಎಂಬ ತಪ್ಪು ಪತ್ತೆಯ ಸಂಖ್ಯೆ, ನಡುವಣ ಖಾಲಿ ಜಾಗಗಳಿಗೆ ಹೋಗುತ್ತದೆ. ಅಮಿಗಾ ಆ ಖಾಲಿ ಜಾಗಗಳನ್ನು ಕಡಿಮೆ ಮಾಡಿ, ಪಿಸಿ 9 ಸೆಕ್ಟರ್ ಇಡುವ ಡಿಡಿ (ಡಬಲ್ ಡೆನ್ಸಿಟಿ) ಟ್ರ್ಯಾಕಿನಲ್ಲೇ 11 ಇಟ್ಟಿತು. 9,01,120 ಬೈಟ್ ಬಂದದ್ದು ಹಾಗೆ. ಮ್ಯಾಕ್‌ನ 800 ಕೆಬಿ ಡಿಸ್ಕಿನಲ್ಲಿ ಹೊರಗಿನ 16 ಟ್ರ್ಯಾಕಿಗೆ 12 ಸೆಕ್ಟರ್, ಆಮೇಲೆ ಪ್ರತಿ 16ಕ್ಕೆ ಒಂದೊಂದು ಕಡಿಮೆಯಾಗುತ್ತ ಒಳಗಿನ ಕೊನೆಯ 16ಕ್ಕೆ 8. ಎರಡು ಬದಿ ಸೇರಿ 1,600 ಸೆಕ್ಟರ್. ಪಿಸಿಯ ಫ್ಲಾಪಿ ಕಂಟ್ರೋಲರ್‌ಗೆ ಇದು ಅರ್ಥವಾಗದು. ಗ್ರೀಸ್‌ವೀಝಲ್ ಮಾತ್ರ ಸಾಮಾನ್ಯ ಪಿಸಿ ಡ್ರೈವ್‌ನಿಂದಲೇ ಓದುತ್ತದೆ.

ಇಮೇಜ್ ಫೈಲಿನ, ಅಂದರೆ ಇಡೀ ಡಿಸ್ಕಿನ ಪ್ರತಿಯಾದ ಫೈಲಿನ, ಗಾತ್ರ ಒಳ್ಳೆಯ ಪರೀಕ್ಷೆ. 3,68,640 ಇದ್ದರೆ 360 ಕೆಬಿ, 7,37,280 ಇದ್ದರೆ 720, 12,28,800 ಇದ್ದರೆ 1.2 ಎಂಬಿ. ಒಂದು ಬೈಟ್ ಹೆಚ್ಚುಕಡಿಮೆ ಇದ್ದರೂ ಫಾರ್ಮ್ಯಾಟ್ ತಪ್ಪು ಕೊಟ್ಟಿದ್ದೀರಿ ಅಥವಾ ಫೈಲ್ ಕತ್ತರಿಸಿಹೋಗಿದೆ. ಆದರೆ ಗಾತ್ರ ಸರಿಯಿದೆ ಎಂದಮಾತ್ರಕ್ಕೆ ಒಳಗಿರುವುದು ಸರಿ ಎನ್ನಲಾಗದು. ಓದಲಾಗದ ಸೆಕ್ಟರಿನ ಜಾಗದಲ್ಲಿ ತಂತ್ರಾಂಶ 'ಬ್ಯಾಡ್ ಸೆಕ್ಟರ್' ಎಂಬ ಪದವನ್ನೇ ಮತ್ತೆಮತ್ತೆ ಬರೆದು ಗಾತ್ರ ತುಂಬಿಸುತ್ತದೆ. ಓದು ಮುಗಿದಾಗ ಪರದೆಯ ಮೇಲೆ ಬರುವ ನಕ್ಷೆ ನೋಡಲೇಬೇಕು. ಚುಕ್ಕಿ ಇದ್ದಲ್ಲಿ ಸೆಕ್ಟರ್ ಸಿಕ್ಕಿದೆ, ಎಕ್ಸ್ ಇದ್ದಲ್ಲಿ ಇಲ್ಲ. 1.44 ಡಿಸ್ಕಾದರೆ 2880 ಸೆಕ್ಟರಿಗೆ 2880 ಬಂದಿದೆಯೇ ಎಂದು ಬರೆದಿಟ್ಟುಕೊಳ್ಳಿ.

360 ಕೆಬಿ ಡಿಸ್ಕನ್ನು 1.2 ಎಂಬಿ ಡ್ರೈವ್‌ನಲ್ಲಿ ಓದುವಾಗ ಹೆಡ್ ಪ್ರತಿ ಸಲ ಎರಡು ಹೆಜ್ಜೆ ಇಡಬೇಕು, ಏಕೆಂದರೆ ಡಿಸ್ಕಿನಲ್ಲಿರುವುದು 40 ಸಿಲಿಂಡರ್, ಡ್ರೈವ್‌ನದು 80. ಟ್ರ್ಯಾಕ್ ಆಯ್ಕೆಯಲ್ಲಿ ಸ್ಟೆಪ್ 2 ಎಂದು ಕೊಡದಿದ್ದರೆ 'ಅನಿರೀಕ್ಷಿತ ಸೆಕ್ಟರ್' ಎಂಬ ಎಚ್ಚರಿಕೆಗಳು ಸಾಲುಗಟ್ಟುತ್ತವೆ. ಆ ಡ್ರೈವ್ 360 ಸುತ್ತಿನ ವೇಗದಲ್ಲಿ ತಿರುಗುವುದರಿಂದ ಬರುವ ವ್ಯತ್ಯಾಸವನ್ನು ತಂತ್ರಾಂಶ ತಾನೇ ಸರಿದೂಗಿಸುತ್ತದೆ. ಓದಲು ತೊಂದರೆಯಿಲ್ಲ, ಬರೆಯಲು ಮಾತ್ರ ಈ ಡ್ರೈವ್ ಬಳಸಬೇಡಿ. ಅದರ ಹೆಡ್ ಕಿರಿದು. ಹಳೆಯ ಅಗಲ ಟ್ರ್ಯಾಕಿನ ಅಂಚು ಅಳಿಯದೆ ಉಳಿದು, 40 ಟ್ರ್ಯಾಕಿನ ಡ್ರೈವ್‌ಗೆ ಹೊಸದೂ ಹಳೆಯದೂ ಬೆರೆತು ಕೇಳಿಸುತ್ತದೆ.

ನಾಲ್ಕು 360 ಕೆಬಿ ಡಿಸ್ಕ್ ಒಂದು 1.44ರಲ್ಲಿ ಹಿಡಿಯುತ್ತವೆಯೇ? ಗುಣಿಸಿದರೆ 14,74,560, ಒಂದು ಬೈಟೂ ಆಚೀಚೆ ಇಲ್ಲ. ಆದರೂ ನಾಲ್ಕು ಇಮೇಜ್ ಫೈಲುಗಳು ಹಿಡಿಯವು. ಡಾಸ್ ಫಾರ್ಮ್ಯಾಟಿನಲ್ಲಿ ಬೂಟ್ ಸೆಕ್ಟರ್, ಯಾವ ಕಡತ ಎಲ್ಲಿದೆ ಎಂದು ಹೇಳುವ ಎರಡು ಫ್ಯಾಟ್ ಪಟ್ಟಿ, ಕಡತಗಳ ಹೆಸರಿನ ಮುಖ್ಯ ಪಟ್ಟಿಯಾದ ರೂಟ್ ಡೈರೆಕ್ಟರಿ ಸೇರಿ 33 ಸೆಕ್ಟರ್ ಹೋಗಿ ಉಳಿಯುವುದು 14,57,664. ಕೊರತೆ 16,896 ಬೈಟ್. ಒಳಗಿನ ಕಡತಗಳನ್ನು ಬಿಡಿಬಿಡಿಯಾಗಿ ಸುರಿದರೆ ಗರಿಷ್ಠ 14,49,984, ಅದು ಹಿಡಿಯುತ್ತದೆ. ಆದರೆ ಒಂದು 360ರ ರೂಟ್‌ನಲ್ಲಿ 112 ಹೆಸರಿಗೆ ಜಾಗ, 1.44ರಲ್ಲಿ 224ಕ್ಕೆ ಮಾತ್ರ. ಸಣ್ಣ ಕಡತಗಳು ಹೆಚ್ಚಿದ್ದರೆ ಜಾಗ ಖಾಲಿಯಿದ್ದೂ ಹೆಸರಿನ ಪಟ್ಟಿ ತುಂಬಿಬಿಡುತ್ತದೆ. ಉಪ ಡೈರೆಕ್ಟರಿ ಮಾಡಿದರೆ ಅದಕ್ಕೂ ಜಾಗ ಬೇಕು.

ಹಳೆಯ ಕನ್ನಡ ಡಿಟಿಪಿ ಫ್ಲಾಪಿಗಳಿರುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಯುನಿಕೋಡ್‌ಗೆ ಮುಂಚಿನ ಫಾಂಟ್ ಸಂಕೇತಗಳಲ್ಲಿ 'ಕಿ' ಒಂದೇ ಬೈಟಿನಲ್ಲಿ ಕೂರಬಹುದಿತ್ತು. ಯುಟಿಎಫ್-8ರಲ್ಲಿ ಅದಕ್ಕೆ 6 ಬೈಟ್. ಪರಿವರ್ತಿಸಿದ ಪಠ್ಯ ಮೂಲ ಫ್ಲಾಪಿಯಲ್ಲಿ ಮತ್ತೆ ಹಿಡಿಯುವುದೆಂದು ಎಣಿಸಬೇಡಿ. ಮೂಲ ಕಡತವನ್ನೂ ಅಳಿಸಬೇಡಿ.

ಕೊರತೆಗಳೂ ಇವೆ. ಇದರ ಮೂಲ ತಂತ್ರಾಂಶದ ಕೆಲಸವೆಲ್ಲ ಕಮಾಂಡ್ ಲೈನಿನಲ್ಲಿ. ಫ್ಲಕ್ಸ್ ಫೈಲು ದೊಡ್ಡದು: 1.44 ಡಿಸ್ಕಿನ ಒಂದು ಸುತ್ತಿಗೆ ಅಂದಾಜು 20 ಎಂಬಿ, ಮೂರು ಸುತ್ತು ಉಳಿಸಿದರೆ ಅದರ ಮೂರು ಪಟ್ಟು. ಬೂಷ್ಟು ಹಿಡಿದ ಡಿಸ್ಕಿಗೆ ಯಾವ ಬೋರ್ಡೂ ಮದ್ದಲ್ಲ. ಕೆರೆಯುವ ಸದ್ದು ಬಂದೊಡನೆ ನಿಲ್ಲಿಸಿ, ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಹೆಡ್ ಒರೆಸಿ. ಇಲ್ಲದಿದ್ದರೆ ಆ ಕೊಳೆ ಮುಂದಿನ ಡಿಸ್ಕನ್ನೂ ಗೀರುತ್ತದೆ. ನಿಮ್ಮಲ್ಲಿರುವುದು ಚೆನ್ನಾಗಿರುವ 1.44 ಡಿಸ್ಕ್‌ಗಳು ಮಾತ್ರವಾದರೆ ಯುಎಸ್‌ಬಿ ಡ್ರೈವೇ ಸಾಕು. ಒಂದೇ ಒಂದು ಐದೂಕಾಲು ಇಂಚಿನ ಡಿಸ್ಕ್ ಇದ್ದರೂ ಈ ಬೋರ್ಡನ್ನೇ ಕೊಳ್ಳಿ, ಮೊದಲು ಫ್ಲಕ್ಸ್ ಉಳಿಸಿ, ಆಮೇಲೆ ಫಾರ್ಮ್ಯಾಟ್ ಯೋಚಿಸಿ.