ಚಿನ್ನದ ಕಣಗಳಿಗೆ ಯಾವ ಕೊಳವೆ: ಕೊಂಡದ್ದೋ, ಮಾಡಿಕೊಂಡದ್ದೋ, ಜೇಡಿಯದ್ದೋ?

ಚಿನ್ನದ ಅತಿ ಸಣ್ಣ ಕಣಗಳನ್ನು ವೇಗವರ್ಧಕವಾಗಿ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಲು) ಬಳಸಬೇಕಾದರೆ ಅವನ್ನು ಯಾವುದಾದರೂ ಆಸರೆಯ ಮೇಲೆ ಕೂರಿಸಬೇಕು. ಅದಕ್ಕೆ ಬೇಕಾದ ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ನ್ಯಾನೊಕೊಳವೆಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳನ್ನು, ಪ್ರಯೋಗಾಲಯದಲ್ಲೇ ಮಾಡಿಕೊಳ್ಳಿ. ಸಿದ್ಧ ಪುಡಿ ಕೊಂಡು ಎರಡು ತಿಂಗಳು ಕಳೆದುಕೊಂಡ ಮೇಲೆ, ಕೇಳಿದ ಕಿರಿಯರಿಗೆಲ್ಲ ನಾನು ಹೇಳುವುದು ಇದನ್ನೇ.

ಹೋಲಿಸಿದ್ದು ಮೂರು ಆಸರೆಗಳನ್ನು: ಕೊಂಡ ಟೈಟಾನಿಯಾ ಕೊಳವೆ, ನಾನು ಮಾಡಿಕೊಂಡದ್ದು, ನಿಸರ್ಗದಲ್ಲೇ ಕೊಳವೆಯಾಕಾರದಲ್ಲಿ ಸಿಗುವ ಹ್ಯಾಲೊಯ್ಸೈಟ್ ಜೇಡಿ. ಮೂರಕ್ಕೂ ತೂಕದ ಶೇ 1ರಷ್ಟು ಚಿನ್ನವನ್ನು ಲೆಕ್ಕ ಹಾಕಿದ್ದೆ. ಬೋರೋಹೈಡ್ರೈಡ್ (ಅಪಕರ್ಷಿಸುವ ಲವಣ) ಬೆರೆಸಿದಾಗ 4-ನೈಟ್ರೊಫಿನಾಲ್ ಎಂಬ ಸಂಯುಕ್ತದ ಹಳದಿ ಬಣ್ಣ ಎಷ್ಟು ಬೇಗ ಅಳಿಯುತ್ತದೆ ಎಂಬುದೇ ಪರೀಕ್ಷೆ: ಬೇಗ ಅಳಿದಷ್ಟೂ ಚಿನ್ನ ಚುರುಕು.

ತೊಡಕು ಶುರುವಾದದ್ದು ತೊಳೆಯುವಲ್ಲಿ. ಕೊಂಡ ಪುಡಿಯನ್ನು ನೀರಿಗೆ ಹಾಕಿದರೆ ನೀರು ಕ್ಷಾರೀಯವಾಗುತ್ತಿತ್ತು. ಒಳಗೆ ಸೋಡಿಯಂ ಉಳಿದಿತ್ತು. ಅದನ್ನು ತೆಗೆಯಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದೆ. ಸೋಡಿಯಂ ಹೋಯಿತು, ಕ್ಲೋರೈಡ್ ಬಂದು ಕುಳಿತಿತು. ಈ ಕೊಳವೆಗಳು ಒದ್ದೆಯಾದಾಗ ಲೋಳೆಯಂತಾಗಿ ಸೋಸುಕಾಗದವನ್ನು ಕಟ್ಟಿಬಿಡುತ್ತವೆ. ಒಂದು ಲೀಟರ್ ನೀರು ಇಳಿಯಲು ಇಡೀ ರಾತ್ರಿ ಬೇಕಾಗುತ್ತಿತ್ತು. ನಾನು ಅರ್ಧಕ್ಕೇ ನಿಲ್ಲಿಸಿದೆ.

ಅದರ ಬೆಲೆಯನ್ನು, ಚಿನ್ನ ಕೂರಿಸಿದ ಪುಡಿಯನ್ನು ಕಾಯಿಸುವಾಗ, ಕುಲುಮೆಯಲ್ಲಿ ತೆತ್ತೆ. ಕ್ಲೋರೈಡ್ ಉಳಿದಿದ್ದರೆ ಬಿಸಿಯಲ್ಲಿ ಚಿನ್ನದ ಕಣಗಳು ಸರಿದಾಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. 300 ಡಿಗ್ರಿಯಿಂದ ಹೊರಬಂದ ಪುಡಿಯಲ್ಲಿ ಕಣಗಳು ದಪ್ಪವಾಗಿದ್ದವು, ಹಳದಿ ಅಳಿಯಲೊಲ್ಲದು. ಜಡವೆಂದೇ ಎಣಿಸಿದ್ದ ಚಿನ್ನ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲೂ ಕಾರ್ಬನ್ ಮಾನಾಕ್ಸೈಡನ್ನು ಉತ್ಕರ್ಷಿಸಬಲ್ಲದೆಂದು ಜಪಾನಿನ ರಸಾಯನವಿಜ್ಞಾನಿ ಹರುಟ 1987ರಲ್ಲಿ ತೋರಿಸಿದ್ದು ಕಣಗಳು ಅತಿ ಸಣ್ಣವಾಗಿದ್ದುದರಿಂದಲೇ. ಆ ಸಣ್ಣತನವನ್ನೇ ನಾನು ಕಳೆದಿದ್ದೆ.

ಆಮೇಲೆ, ಕೊಳವೆಗಳನ್ನು ನಾನೇ ಮಾಡಿಕೊಳ್ಳಲು, ಜಪಾನಿನ ಸಂಶೋಧಕ ಕಸುಗ 1998ರಲ್ಲಿ ತೋರಿಸಿದ ದಾರಿ ಹಿಡಿದೆ. ಟೈಟಾನಿಯಾ ಪುಡಿಯನ್ನು 10 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ ಕಲಸಿ, ಟೆಫ್ಲಾನ್ ಒಳಪದರದ ಆಟೊಕ್ಲೇವ್‌ನಲ್ಲಿ (ಒತ್ತಡ ತಡೆಯುವ ಪಾತ್ರೆಯಲ್ಲಿ) ಮುಚ್ಚಿ, ಸಂಜೆ ಓವನ್‌ಗೆ ಇಟ್ಟರೆ ಮರುದಿನ ಸಂಜೆಗೆ ಸಿದ್ಧ. ತೊಳೆದದ್ದು ನೈಟ್ರಿಕ್ ಆಮ್ಲದಲ್ಲಿ, ಸೋಸುವ ಬದಲು ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ತಿರುಗಿಸಿ ಪುಡಿ ಬೇರ್ಪಡಿಸುವ ಯಂತ್ರದಲ್ಲಿ). ಚಿನ್ನ ಕೂರಿಸಲು 80 ಡಿಗ್ರಿಯಲ್ಲಿ ಯೂರಿಯಾ. ಅದು ಮೆಲ್ಲಗೆ ಒಡೆದು ಪಿಎಚ್ (ಕ್ಷಾರತೆ) ಏರಿಸುವುದರಿಂದ ಚಿನ್ನ ಕೊಳವೆಯ ಮೇಲೆ ಕೂರುತ್ತದೆ, ದುಬಾರಿ ಚಿನ್ನ ನೀರಿನೊಂದಿಗೆ ಹರಿದುಹೋಗುವುದಿಲ್ಲ. ಚಿನ್ನದ ಲವಣದ ಕ್ಲೋರೈಡೂ ಇರುತ್ತದಾದ್ದರಿಂದ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಕ್ಲೋರೈಡಿನ ಗುರುತಾದ ಬಿಳಿ ಮಬ್ಬು ಕಾಣದಂತಾಗುವವರೆಗೆ ಬೆಚ್ಚನೆಯ ನೀರಿನಲ್ಲಿ ತೊಳೆದೆ. ಈ ಬಾರಿ ಪುಡಿ ನೇರಳೆಗೆಂಪಾಗಿ, ಸಣ್ಣ ಚಿನ್ನದ ಕಣಗಳ ಬಣ್ಣದಲ್ಲಿ, ಬಂತು. ಹಳದಿ ಕಣ್ಣೆದುರೇ ಅಳಿಯಿತು, ಐದನೆಯ ಬಳಕೆಯಲ್ಲೂ.

ಹ್ಯಾಲೊಯ್ಸೈಟ್ ಮೂರರಲ್ಲಿ ಅಗ್ಗ, ಬೇಗ ತಳ ಸೇರುತ್ತದೆ. ಆದರೆ ಅದರ ಹೊರಮೈ ಋಣಾವೇಶದ್ದು, ಚಿನ್ನದ ಕ್ಲೋರೈಡ್ ಅಯಾನೂ ಋಣಾವೇಶದ್ದೇ. ಹಾಗಾಗಿ ಒಂದನ್ನೊಂದು ದೂಡುತ್ತವೆ. ಮೊದಲು ಅಮೈನೊ ಸಿಲೇನ್ (ಮೇಲ್ಮೈಗೆ ಧನಾವೇಶ ಕೊಡುವ ಸಂಯುಕ್ತ) ಲೇಪಿಸದೆ ನನಗೆ ಚಿನ್ನ ನೆಟ್ಟಗೆ ಅಂಟಲಿಲ್ಲ.

500 ಡಿಗ್ರಿಯ ಸುತ್ತ ಕೆಲಸವಿರುವವರು ಮಾತ್ರ ಹ್ಯಾಲೊಯ್ಸೈಟನ್ನೇ ಆರಿಸಿಕೊಳ್ಳಿ, ಅಲ್ಲಿ ಟೈಟಾನಿಯಾ ಕೊಳವೆ ಕುಸಿಯುತ್ತದೆ. ನನ್ನ ಕೆಲಸವೆಲ್ಲ ಕೊಠಡಿಯ ಉಷ್ಣತೆಯಲ್ಲಿ. ಓವನ್ ರಾತ್ರಿಯಿಡೀ ಖಾಲಿ ಇರುತ್ತದೆ, ಅನುದಾನದ ಬಹುಪಾಲು ಚಿನ್ನದ ಲವಣಕ್ಕೇ ಹೋಗುತ್ತದೆ. ಮುಂದಿನ ತಿಂಗಳು ಪಲೇಡಿಯಂ ಕೂರಿಸುವುದೂ ನಾನೇ ಮಾಡಿಕೊಂಡ ಕೊಳವೆಗಳ ಮೇಲೆಯೇ.