ಹೊರಡುವ ದಿನಕ್ಕೊಂದು ನಡುಗಡ್ಡೆ: ಕುಶಾಲನಗರದ ಕಾವೇರಿ ನಿಸರ್ಗಧಾಮ

ಮೂರು ದಿನಕ್ಕೆಂದು ಕೊಡಗಿಗೆ ಬಂದವರು ಕೆಡಿಸಿಕೊಳ್ಳುವುದು ಸಾಮಾನ್ಯವಾಗಿ ಮೂರನೆಯ ದಿನವನ್ನೇ. ಹೋಂಸ್ಟೇ ಖಾಲಿ ಮಾಡಿ, ನೋಡದೆ ಉಳಿದ ಜಾಗಗಳನ್ನೆಲ್ಲ ಆ ಒಂದು ದಿನಕ್ಕೆ ತುರುಕಿ, ಅಬ್ಬಿ ಜಲಪಾತ, ದುಬಾರೆಯ ಆನೆ ಶಿಬಿರ, ಬೈಲುಕುಪ್ಪೆ ಎಂದು ಓಡಾಡಿ, ಮಧ್ಯರಾತ್ರಿಗೆ ಬೆಂಗಳೂರು ಮುಟ್ಟುತ್ತಾರೆ. ಮಾರನೆಯ ದಿನ ಆಫೀಸಿನಲ್ಲಿ ಕೂತಾಗ ನೆನಪಿಗೆ ಬರುವುದು ಪಾರ್ಕಿಂಗ್ ಹುಡುಕಿದ್ದು ಮಾತ್ರ. ಹೊರಡುವ ದಿನಕ್ಕೆ ಒಂದೇ ಜಾಗ ಸಾಕು. ವಾರದ ನಡುವಿನ ದಿನವಾಗಿದ್ದು, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದಾದರೆ ಆ ಒಂದು ಜಾಗ ನಿಸರ್ಗಧಾಮವೇ ಆಗಲಿ.

ಮಡಿಕೇರಿಯಿಂದ ಸುಮಾರು 28 ಕಿ.ಮೀ., ಕುಶಾಲನಗರ ಪೇಟೆ ಇನ್ನೆರಡು ಮೂರು ಕಿ.ಮೀ. ಇರುವಾಗ ಹೆದ್ದಾರಿಯ ಪಕ್ಕದಲ್ಲೇ ಸಿಗುತ್ತದೆ. ಸುಂಟಿಕೊಪ್ಪದವರೆಗೆ ತಿರುವುಗಳಿರುವುದರಿಂದ ಮುಕ್ಕಾಲು ಗಂಟೆಗಿಂತ ಕಡಿಮೆ ಎಂದು ಲೆಕ್ಕ ಹಾಕಬೇಡಿ. ಕಾರಿಲ್ಲದವರಿಗೆ ಕುಶಾಲನಗರ ಬಸ್‌ಸ್ಟ್ಯಾಂಡಿನಿಂದ ಆಟೋ ಇದೆ. ಕಾವೇರಿ ಕವಲೊಡೆದು ಸುತ್ತುವರಿದ 64 ಎಕರೆಯ ನಡುಗಡ್ಡೆ ಇದು. ನೋಡಿಕೊಳ್ಳುವುದು ಅರಣ್ಯ ಇಲಾಖೆ. ಟಿಕೆಟ್ ತೆಗೆದುಕೊಂಡು ತೂಗುಸೇತುವೆ ದಾಟಿದರೆ ಆಯಿತು, ದ್ವೀಪದಲ್ಲಿದ್ದೀರಿ. ಹತ್ತಿ ಇಳಿಯುವ ಕಷ್ಟ ಹೆಚ್ಚಿಲ್ಲ. ಎರಡು ದಿನ ಜೀಪಿನಲ್ಲಿ ಕುಲುಕಿ ಸೊಂಟ ಹಿಡಿದುಕೊಂಡ ಹಿರಿಯರಿಗೂ ಇದು ಆಗುವ ನಡಿಗೆ. ಒಂದೂವರೆ ಗಂಟೆ ಸಾಕು, ಎರಡು ಗಂಟೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೇತುವೆ ದಾಟಿದ ಕೂಡಲೇ ಫೋಟೋಗೆ ನಿಲ್ಲುವವರೇ ಹೆಚ್ಚು, ಗದ್ದಲವೆಲ್ಲ ಅಲ್ಲೇ. ಜಿಂಕೆಗಳ ಆವರಣ, ಮಕ್ಕಳ ಆಟದ ಜಾಗ ಚಿಕ್ಕ ಮಕ್ಕಳಿದ್ದರೆ ಸರಿ. ಜಿಂಕೆಗಳಿಗೆ ಬಿಸ್ಕತ್ತು, ಚಿಪ್ಸ್ ಹಾಕಬೇಡಿ. ಸೊಪ್ಪು ಹುಲ್ಲು ಮೇಯುವ ಹೊಟ್ಟೆಗೆ ಅದು ಆಗಿಬರುವುದಿಲ್ಲ. ನಿಜವಾದ ನಿಸರ್ಗಧಾಮ ಇರುವುದು ಬಿದಿರು ಮೆಳೆಗಳ ಕೆಳಗೆ, ಜನ ತೆಳುವಾಗುವ ಕಡೆ. ಎರಡೂ ಬದಿಯ ಗಳುಗಳು ಮೇಲೆ ಬಾಗಿ ಒಂದಕ್ಕೊಂದು ಕೂಡಿರುತ್ತವೆ. ಮಧ್ಯಾಹ್ನದ ಬಿಸಿಲೂ ಕೆಳಗಿಳಿಯುವಾಗ ಹಸಿರಾಗಿರುತ್ತದೆ. ಗಾಳಿ ಬೀಸಿದಾಗ ಗಳುಗಳು ಉಜ್ಜಿಕೊಂಡು ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತವೆ. ಐದು ನಿಮಿಷ ಮಾತು ನಿಲ್ಲಿಸಿ ಇದನ್ನು ಕೇಳಿ. ಕಾಲಿಗೆ ಮಾತ್ರ ದಪ್ಪ ಅಟ್ಟೆಯ ಚಪ್ಪಲಿ ಅಥವಾ ಶೂ ಇರಲಿ: ಹೊಳೆಯಂಚಿನ ಹೆಬ್ಬಿದಿರಿಗೆ ಮುಳ್ಳಿದೆ, ಬಿದ್ದ ಕಡ್ಡಿಯ ಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ತೂರಿ ಬರುತ್ತದೆ. ಮಳೆಗಾಲದಲ್ಲಿ ಎಳೆ ಕಣಿಲೆಯ, ಅಂದರೆ ಬಿದಿರಿನ ಮೊಳಕೆಯ, ಹೊದಿಕೆಯ ಮೇಲಿನ ಕಂದು ಜುಂಗನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ತುರಿಕೆ ಬೇಗ ಹೋಗುವುದಿಲ್ಲ.

ಇನ್ನು ನೀರು. ಬೇಸಿಗೆಯಲ್ಲಿ ಹೊಳೆ ಸೊರಗಿ ಬಂಡೆಗಳು ಮೇಲೆ ಬಂದಾಗ ಕಾಲು ಇಳಿಬಿಟ್ಟು ಕೂರುವ ಸುಖಕ್ಕೆ ಸಮನಾದದ್ದಿಲ್ಲ. ಆದರೆ ಇಲ್ಲಿ ಈಜುವ ಯೋಚನೆ ಬೇಡ. ತಳ ಪೂರ್ತಿ ಬಂಡೆ. ನೀರು ಕೊರೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಪಾಚಿ ಕಟ್ಟಿದ ಕಲ್ಲು ಕಾಲನ್ನು ಜಾರಿಸುತ್ತದೆ. ಒಂದು ಹೆಜ್ಜೆಗೆ ಪಾದ ಮುಳುಗುವ ನೀರು, ಮುಂದಿನ ಹೆಜ್ಜೆಗೆ ಆಳುದ್ದ ಇರಬಹುದು. ಪಾದ ಮುಳುಗಿದರೆ ಅಲ್ಲಿಗೆ ಸಾಕು.

ಮಳೆಗಾಲದ ಲೆಕ್ಕವೇ ಬೇರೆ. ಕುಶಾಲನಗರಕ್ಕಿಂತ ಮೇಲೆ ಕಾವೇರಿಯನ್ನು ಹಿಡಿದು ನಿಲ್ಲಿಸುವ ಅಣೆಕಟ್ಟೆ ಇಲ್ಲ. ಹಾರಂಗಿ ಬಂದು ಸೇರುವುದು ಕೂಡಿಗೆಯಲ್ಲಿ, ಅದು ಇನ್ನೂ ಕೆಳಗೆ. ಹಾಗಾಗಿ ಭಾಗಮಂಡಲ, ನಾಪೋಕ್ಲು ಕಡೆ ಸುರಿದ ಮಳೆ ನೇರವಾಗಿ ಇಲ್ಲಿಗೆ ಬರುತ್ತದೆ. ಕುಶಾಲನಗರದಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಕೆಂಪಗೆ ತುಂಬಿ ಹರಿಯುವುದು ಇದಕ್ಕೇ. 2018 ಮತ್ತು 2019ರ ಆಗಸ್ಟ್ ಪ್ರವಾಹಗಳಲ್ಲಿ ನಡುಗಡ್ಡೆಗೇ ನೀರು ನುಗ್ಗಿತ್ತು. ಭಾಗಮಂಡಲದ ಸಂಗಮ ಮುಳುಗಿದೆ ಎಂದು ಸುದ್ದಿ ಬಂದರೆ ನಿಸರ್ಗಧಾಮದ ಆಸೆ ಬಿಡಿ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮೊದಲು ಹೋಂಸ್ಟೇಯವರನ್ನು ಕೇಳಿ. ಅತ್ಯುತ್ತಮ ಕಾಲ ಅಕ್ಟೋಬರ್ ಕೊನೆಯಿಂದ ಜನವರಿ: ಹೊಳೆಯಲ್ಲಿ ನೀರಿರುತ್ತದೆ, ಕೆಸರಿರುವುದಿಲ್ಲ. ಭಾನುವಾರ ಹನ್ನೊಂದರ ನಂತರ ಯಾವ ಕಾಲದಲ್ಲೂ ಬೇಡ.

ದುಬಾರೆಗೂ ಅದೇ ದಿನ ಹೋಗಬಹುದಲ್ಲ ಎನ್ನುವವರಿಗೆ: ಆನೆಗಳ ಸ್ನಾನ ಬೆಳಗ್ಗೆಯೇ ಮುಗಿಯುತ್ತದೆ, ದೋಣಿಗೆ ಸಾಲು ನಿಲ್ಲಬೇಕು. ಅದನ್ನು ಮೊದಲ ದಿನಕ್ಕೋ ಎರಡನೆಯ ದಿನಕ್ಕೋ ಇಡಿ.

ಬಾಗಿಲಿನ ಹೊರಗೆ ಅಂಗಡಿ ಸಾಲು ಇದೆ. ಸಾಂಬಾರ ಪದಾರ್ಥ, ಚಾಕೊಲೇಟು, ಜೇನು, ಎಲ್ಲ ಸಿಗುತ್ತದೆ. ಕೊಳ್ಳುವ ಮೊದಲು ಪೊಟ್ಟಣ ತಿರುಗಿಸಿ ತಯಾರಿಸಿದವರ ಹೆಸರು, ದಿನಾಂಕ ನೋಡಿ. ಲೇಬಲ್ ಇಲ್ಲದ ಹೋಂಮೇಡ್ ವೈನ್ ಬೇಡವೇ ಬೇಡ. ಮನೆಗೆ ಒಯ್ಯಲು ಎರಡು ವಸ್ತು ಸಾಕು, ಕಾಫಿ ಪುಡಿ ಮತ್ತು ಅಡುಗೆಗೆ ಹುಳಿಯಾಗಿ ಬಳಸುವ ಕಾಚಂಪುಳಿ.

ಕಾಫಿಯನ್ನು ಪೇಟೆಯಲ್ಲಿ ಕಣ್ಣೆದುರಿಗೆ ಪುಡಿ ಮಾಡಿಕೊಡುವ ಕಡೆ ತೆಗೆದುಕೊಳ್ಳಿ. ಹುರಿದದ್ದು ಯಾವತ್ತು, ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು, ನಾಲ್ಕನ್ನೂ ಕೇಳಿ. ಅರೇಬಿಕಾದಿಂದ ಪರಿಮಳ, ರೋಬಸ್ಟಾದಿಂದ ಹಾಲಿಗೆ ತಡೆದುಕೊಳ್ಳುವ ಗಟ್ಟಿತನ. ಫಿಲ್ಟರ್ ಕಾಫಿಗೆ ಸಮಪಾಲು, ಚಿಕೋರಿ ನೂರಕ್ಕೆ 15 ರಿಂದ 20, ಒಳ್ಳೆಯ ಹದ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಿರಬೇಕು ಎಂಬುದು ಕಾನೂನು. ಅನುಮಾನವಿದ್ದರೆ ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ಅರ್ಧ ಕೆ.ಜಿ.ಗಿಂತ ಹೆಚ್ಚು ಬೇಡ. ಪುಡಿಯ ಪರಿಮಳ ಹದಿನೈದು ದಿನಕ್ಕೇ ಇಳಿಯತೊಡಗುತ್ತದೆ. ಮನೆಯಲ್ಲಿ ಡಿಕಾಕ್ಷನ್ ಇಳಿಯದೆ ನಿಂತರೆ ಪುಡಿ ತೀರಾ ನುಣ್ಣಗಾಗಿದೆ ಇಲ್ಲವೇ ಒತ್ತಿದ್ದು ಹೆಚ್ಚಾಗಿದೆ.

ಕಾಚಂಪುಳಿ ಪಣಪುಳಿ ಹಣ್ಣಿನ ರಸ. ಮಲೆನಾಡಿನವರು ಉಪ್ಪಾಗೆ ಎನ್ನುವುದು ಇದೇ ಹಣ್ಣಿಗೆ. ಮಳೆಗಾಲದಲ್ಲಿ ಕಳಿತ ಹಣ್ಣಿನಿಂದ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಒಳ್ಳೆಯದಾದರೆ ಬಾಟಲಿ ಓರೆ ಮಾಡಿದಾಗ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಮುಚ್ಚಳ ತೆಗೆದಾಗ ಹಣ್ಣಿನ ಹುಳಿ ವಾಸನೆ ಬರಬೇಕು. ವಿನಿಗರ್ ಹಾಗೆ ಮೂಗಿಗೆ ಚುಚ್ಚಿದರೆ ಇಟ್ಟು ಬನ್ನಿ. ಒಂದು ಕೆ.ಜಿ. ಪಂದಿಕರಿಗೆ (ಕೊಡಗಿನ ಹಂದಿಮಾಂಸದ ಅಡುಗೆ) ಎರಡು ಟೀ ಚಮಚ, ಅದೂ ಮಾಂಸ ಬೆಂದ ಮೇಲೆ ಕೊನೆಗೆ. ಗಾಜಿನ ಬಾಟಲಿಯಲ್ಲೇ ಇಡಿ, ಸ್ಟೀಲ್ ಅಥವಾ ಅಲ್ಯೂಮಿನಿಯಂ ಡಬ್ಬಿ ಆಗದು. ಹೀಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಇನ್ನೊಂದು ಕವರ್ ಕಟ್ಟಿ, ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿ. ಬಟ್ಟೆಗೆ ಸೋರಿದರೆ ಆ ಕಲೆ ಬಿಡುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕುಶಾಲನಗರ ಬಿಟ್ಟರೆ ಪಿರಿಯಾಪಟ್ಟಣ, ಹುಣಸೂರು ದಾಟಿ ಬೆಳಕಿರುವಾಗಲೇ ಮೈಸೂರು.