ಊರ ನೆನಪು ದಾಖಲೆ: ಅರಿವು ಕೇಂದ್ರದ ಸೇವೆ ಹೇಗಿದೆ?

ದಕ್ಷಿಣ ಕೊಡಗಿನ ಗ್ರಾಮ ಪಂಚಾಯಿತಿಯೊಂದರ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಹಿರಿಯರ ಮಾತು, ಹಳೆಯ ಫೋಟೋಗಳನ್ನು ಉಚಿತವಾಗಿ ದಾಖಲಿಸಿಕೊಡುತ್ತಾರೆ. ಇದು ಕೊಡಗಿನ ಪ್ರತಿ ಊರಿಗೂ ಬೇಕು, ಬೇಗ ಬೇಕು. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರುವ ಮುಂಚಿನ ಕೊಡಗು ರಾಜ್ಯವನ್ನು ಬುದ್ಧಿ ತಿಳಿದು ಕಂಡವರಿಗೆ ಈಗ ಎಂಬತ್ತರ ಆಸುಪಾಸು. 2018ರ ಭೂಕುಸಿತದಲ್ಲಿ ಮನೆಗಳ ಜೊತೆ ಅಲ್ಲಿದ್ದ ಕಾಗದಪತ್ರಗಳೂ ಮಣ್ಣುಪಾಲಾದವು.

ಧ್ವನಿಮುದ್ರಣದ ಕೆಲಸ ಅಚ್ಚುಕಟ್ಟು. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಅರ್ಧ ನಿಮಿಷ ಮುದ್ರಿಸಿ ಕೇಳಿನೋಡಿದ ಮೇಲೆಯೇ ಮಾತು ಶುರು. ಆದರೆ ಕಟ್ಟಡಕ್ಕಿರುವುದು ಶೀಟಿನ ಮಾಡು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ಸದ್ದೇ ಮುದ್ರಣವಾಗುತ್ತದೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆಯಹೋದರೆ ದನಿಯೂ ಸವೆದುಹೋಗುತ್ತದೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಯಾರಿಗೂ ಬಿಡುವಿಲ್ಲ. ಮಾರ್ಚ್‌ನಿಂದ ಮೇ ಒಳ್ಳೆಯ ಸಮಯ. ಮಳೆಗಾಲದಲ್ಲೇ ಆಗಬೇಕೆಂದರೆ ಮರದ ಅಟ್ಟವಿರುವ ಹೆಂಚಿನ ಮನೆಗೆ ಕೇಂದ್ರದವರನ್ನೇ ಕರೆಸಿಕೊಳ್ಳಿ.

ಪ್ರಶ್ನೆ ಕೇಳುವವರು ಕೊಡವ ತಕ್ಕ್, ಅರೆಭಾಷೆ ಎರಡನ್ನೂ ಬಲ್ಲವರು. ಇದು ಈ ಸೇವೆಯ ದೊಡ್ಡ ಬಲ. ಕನ್ನಡದಲ್ಲಿ ಕೇಳಿದರೆ ನಾಟಿ ಕೆಲಸದ ಬಗ್ಗೆ ಎರಡು ವಾಕ್ಯ ಹೇಳಿ ಸುಮ್ಮನಾಗುವವರು ಮನೆಮಾತಿನಲ್ಲಿ ಗದ್ದೆಯ ಹೆಸರು, ಹಾಡು, ಕೂಲಿ ಎಲ್ಲವನ್ನೂ ಬಿಚ್ಚುತ್ತಾರೆ. ಯರವ, ಕುರುಬ ಬುಡಕಟ್ಟಿನವರ ಹಾಡಿಗಳಿಗೆ (ಕೇರಿಗಳಿಗೆ) ಮಾತ್ರ ಇವರು ಹೋಗಿಲ್ಲ. ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳ, ನೆನಪಷ್ಟೇ ಸೇರಿದರೆ ಅದು ಊರಿನ ದಾಖಲೆಯಾಗದು. ಆ ಭಾಷೆ ಬಲ್ಲ ಹಾಡಿಯ ಯುವಕರಿಗೇ ಭತ್ಯೆ ಕೊಟ್ಟು ಮೈಕ್ ಒಪ್ಪಿಸಬೇಕು. ತೋಟದ ಕಾರ್ಮಿಕರ ಲೈನ್‌ಮನೆಯವರಿಗಾದರೆ ವಾರದ ರಜೆಯ ದಿನವೇ ಆಗಬೇಕು.

ಫೋಟೋಗಳನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಅಂದೇ ಹಿಂದಿರುಗಿಸುತ್ತಾರೆ. ಆಲ್ಬಂಗೆ ಅಂಟಿದ್ದನ್ನು ಕೀಳದೆ ಪುಟಸಮೇತ ತನ್ನಿ, ಲ್ಯಾಮಿನೇಷನ್ ಬೇಡವೇ ಬೇಡ. ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಗಾತ್ರ ಕುಗ್ಗಿ ವಿವರ ಅಳಿಸುತ್ತದೆ.

ಒಪ್ಪಿಗೆ ಪತ್ರದಲ್ಲಿ ಇರುವುದು ಒಂದೇ ಸಾಲು, ಅದಕ್ಕೆ ಸಹಿಯೂ ಮಾತಿಗೆ ಮುಂಚೆಯೇ. ಇದನ್ನು ಒಪ್ಪಲಾಗದು. ಮಾತಿನ ಭರದಲ್ಲಿ ವಂಶಪಾರಂಪರ್ಯದ ಜಮ್ಮಾ ಜಾಗದ ತಕರಾರು, ಒಕ್ಕದೊಳಗಿನ (ಮನೆತನದೊಳಗಿನ) ಜಗಳ ಹೊರಬರುತ್ತವೆ. ಮುದ್ರಣವನ್ನು ಪೂರ್ತಿ ಕೇಳಿಸಿ, ಯಾವ ಭಾಗ ಎಲ್ಲರಿಗೆ, ಯಾವುದು ಮನೆಯವರಿಗಷ್ಟೇ ಎಂದು ಬರೆಸಿಕೊಂಡ ಮೇಲೆ ಎರಡನೇ ಸಹಿ ಹಾಕಿಸಬೇಕು. ಅಲ್ಲಿಯವರೆಗೆ, ಹೋಗುವವರು ಈ ಷರತ್ತನ್ನು ಪತ್ರದ ಕೆಳಗೆ ಕೈಯಿಂದ ಬರೆದೇ ಸಹಿ ಮಾಡಿ. ಎಲ್ಲವೂ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿದೆ, ಹಾಗಾಗಿ ನಿಮ್ಮ ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲೂ ಒಂದು ಇಡಿ.